ದೇವರ ಸಾಲು

ಹೊಳೆ ಕಡಲಿಗೆ ಸೇರುವ ಕಡೆ ಒಂದು ಊರಿತ್ತು. ಊರಿನ ಒಂದು ಕೈ ಹೊಳೆಯಲ್ಲಿ, ಇನ್ನೊಂದು ಕೈ ಕಡಲಲ್ಲಿ. ನಡುವೆ ಮರಳು ದಿಬ್ಬದ ಮೇಲೆ ಕೆಂಪು ಹಂಚಿನ ಇಗರ್ಜಿ. ಇಗರ್ಜಿಯ ನೆತ್ತಿಯಲ್ಲಿ ಮರದ ಶಿಲುಬೆ, ಜಗಲಿಯಲ್ಲಿ ಸಾಲು ಸಾಲು ಮಣ್ಣಿನ ಕುಡಿಕೆಗಳು.

ಆ ಊರಿನ ಕಟ್ಟಳೆ ಹೀಗಿತ್ತು. ಹೆಂಗಸರು ಇಗರ್ಜಿಯ ಹೊಸ್ತಿಲು ದಾಟುವ ಮೊದಲು ತಮ್ಮ ದನಿಯನ್ನು ಹೊರಗೆ ಬಿಟ್ಟು ಹೋಗಬೇಕು. ಚಪ್ಪಲಿ ಬಿಟ್ಟ ಹಾಗೆ. ಪ್ರತಿಯೊಬ್ಬಳಿಗೂ ಅವಳದೇ ಕುಡಿಕೆ. ಅದನ್ನು ಎರಡೂ ಕೈಯಲ್ಲಿ ಎತ್ತಿ, ಬಾಯಿಯ ಹತ್ತಿರ ತಂದು, ಉಸಿರು ಬಿಟ್ಟಂತೆ ದನಿಯನ್ನು ಅದರೊಳಗೆ ಬಿಡಬೇಕು. ತೆಂಗಿನ ಗೆರಟೆಯಿಂದ ಮುಚ್ಚಿ ಹಲಗೆಯ ಮೇಲಿಡಬೇಕು. ಆಮೇಲೆ ತಲೆಗೆ ಸೆರಗು ಹೊದ್ದು ಒಳಗೆ ಹೋಗಬೇಕು. ಪ್ರಾರ್ಥನೆ ಮುಗಿದ ಮೇಲೆ ಹೊರಗೆ ಬಂದು, ಗೆರಟೆ ತೆಗೆದು, ನೀರು ಕುಡಿದ ಹಾಗೆ ದನಿಯನ್ನು ಕುಡಿದು ಮನೆಗೆ ಹೋಗಬೇಕು. ಕೆಲವೊಮ್ಮೆ ಅವಸರದಲ್ಲಿ ಕುಡಿಕೆ ಅದಲುಬದಲಾಗಿ, ಅತ್ತೆಯ ದನಿ ಸೊಸೆಗೆ ಬಂದುಬಿಡುತ್ತಿತ್ತು. ಆ ವಾರವಿಡೀ ಆ ಮನೆಯಲ್ಲಿ ಯಾರು ಯಾರಿಗೆ ಬೈಯುತ್ತಿದ್ದಾರೆ ಎಂದು ಗಂಡಸರಿಗೆ ತಿಳಿಯದೆ, ಇಬ್ಬರಿಗೂ ತಲೆ ಆಡಿಸಿ ಸುಮ್ಮನಾಗುತ್ತಿದ್ದರು.

ಯಾರು ಮಾಡಿದ ಕಟ್ಟಳೆ ಎಂದು ಕೇಳಬೇಡಿ. ಕೇಳಿದರೆ ಗಂಡಸರು ಸಭೆಯ ಹಿರಿಯನತ್ತ ಕೈ ತೋರಿಸುತ್ತಿದ್ದರು. ಹಿರಿಯ ಹಿತ್ತಿಲ ಗೋರಿಗಳತ್ತ ಕೈ ತೋರಿಸುತ್ತಿದ್ದ. ಗೋರಿಗಳು ಯಾರತ್ತಲೂ ಕೈ ತೋರಿಸುವುದಿಲ್ಲವಲ್ಲ, ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಇಗರ್ಜಿಯ ಒಳಗೆ ಗಂಡಸರು ದೊಡ್ಡ ಕೀರ್ತನೆ ಹಾಡುತ್ತಿದ್ದರು. ಅದು ಸತ್ತು ಗೋರಿಯಿಂದ ಎದ್ದು ಬಂದ ಸ್ವಾಮಿಯ ಕಥೆ, ಆದರೆ ಬರೀ ಪ್ರಶ್ನೆಗಳ ಕೀರ್ತನೆ. ಒಂದು ಪ್ರಶ್ನೆ ಹಾಡುವುದು, ಒಂದು ಸಾಲಿನಷ್ಟು ಹೊತ್ತು ಸುಮ್ಮನಿರುವುದು. ಮತ್ತೊಂದು ಪ್ರಶ್ನೆ, ಮತ್ತೆ ಮೌನ.

ಬೆಳಗಾಗುವ ಮೊದಲೇ ಬಂದವರಾರು, ಕಲ್ಲಿನ ಬಾಗಿಲಿಗೆ?

ಹೀಗೆ ಹಾಡಿ ಎಲ್ಲರೂ ಕಣ್ಣು ಮುಚ್ಚಿ ಅಂಗೈ ಬಿಡಿಸಿ ನಿಲ್ಲುತ್ತಿದ್ದರು. ಆ ಮೌನಕ್ಕೆ ಊರಿನವರು ಇಟ್ಟ ಹೆಸರು ದೇವರ ಸಾಲು. ನಾವು ಕೇಳುತ್ತೇವೆ, ದೇವರು ಹಾಡುತ್ತಾನೆ, ನಮ್ಮ ಕಿವಿಗೆ ಅದು ಕೇಳುವುದಿಲ್ಲ ಅಷ್ಟೇ ಎಂದು ತಂದೆ ಮಗನಿಗೆ ಹೇಳಿಕೊಡುತ್ತಿದ್ದ. ಆ ಸಾಲಿನಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಹೊರಗೆ ಜಗಲಿಯಲ್ಲಿ ಮಾತ್ರ, ಸರಿಯಾಗಿ ಅದೇ ಹೊತ್ತಿಗೆ, ಮುಚ್ಚಿದ ಕುಡಿಕೆಗಳು ಸಣ್ಣಗೆ ಗುಂಯ್ ಎನ್ನುತ್ತಿದ್ದವು. ಕಡಲ ಗಾಳಿ ಎಂದು ಎಲ್ಲರೂ ತಿಳಿದಿದ್ದರು.

ಆ ಕುಡಿಕೆಗಳನ್ನು ಕಾಯಲು ಒಬ್ಬ ಮುದುಕಿ ಇದ್ದಳು. ಅವಳನ್ನು ಎಲ್ಲರೂ ಕುಡಿಕೆ ಅಜ್ಜಿ ಎನ್ನುತ್ತಿದ್ದರು. ಅವಳು ದನಿ ಬಿಟ್ಟು ಒಳಗೆ ಹೋದವಳೇ ಅಲ್ಲ. ದನಿಯನ್ನು ಗಂಟಲಲ್ಲೇ ಇಟ್ಟುಕೊಂಡು ಜಗಲಿಯಲ್ಲೇ ಮುದುಕಿಯಾದವಳು. ಹಲಗೆಯ ತೀರಾ ಮೂಲೆಯಲ್ಲಿ, ಅವಳ ಬಲಗೈಗೆ ಸಿಗುವ ಹಾಗೆ, ಹೊಗೆ ಹಿಡಿದಂತೆ ಕಪ್ಪಾದ ಒಂದು ಕುಡಿಕೆ ಇತ್ತು. ಅದರ ಗೆರಟೆಯನ್ನು ಯಾರೂ ತೆಗೆದದ್ದಿಲ್ಲ.

ಆ ಊರಿನಲ್ಲಿ ಹೆಸರಿಗೂ ಒಂದು ಕಟ್ಟಳೆ ಇತ್ತು. ಹುಟ್ಟಿದ ಮಗುವಿನ ಹೆಸರು ತಾಯಿತಂದೆಗೆ ಮಾತ್ರ ಗೊತ್ತಿರಬೇಕು. ಮೂರನೆಯವರ ಕಿವಿಗೆ ಬೀಳುವ ಮೊದಲು ಅದನ್ನು ದೀಕ್ಷಾಸ್ನಾನದ ನೀರು ಕೇಳಿಸಿಕೊಳ್ಳಬೇಕು. ಇಗರ್ಜಿಯ ಕಲ್ಲುಬಟ್ಟಲಿನ ಮುಂದೆ ತಂದೆ ಗಟ್ಟಿಯಾಗಿ ಹೆಸರು ಹೇಳಿದರೆ, ನೀರು ಕೇಳಿತು, ಹೆಸರು ಮಗುವಿಗೆ ಅಂಟಿತು. ಅದಕ್ಕೆ ಮೊದಲು ಯಾರಿಗೆ ಹೇಳಿದರೂ, ಕಿವಿಯಲ್ಲಿ ಪಿಸುಗುಟ್ಟಿದರೂ, ಬರೆದು ತೋರಿಸಿದರೂ, ಹುಳಿ ಬಿದ್ದ ಹಾಲಿನ ಹಾಗೆ ಹೆಸರು ಒಡೆದುಹೋಗುತ್ತಿತ್ತು. ತಂದೆ ಇಲ್ಲದ ಮಗುವಿಗೆ ಸಭೆಯ ಹಿರಿಯನೇ ಏನಾದರೊಂದು ಹೆಸರಿಡುತ್ತಿದ್ದ. ಆದರೆ ಹಾಗೆ ಇಟ್ಟ ಹೆಸರು ಅಂಟುತ್ತಿರಲಿಲ್ಲ. ಹಿಂದಿನ ಹಿರಿಯನೊಬ್ಬ ತಂದೆಯಿಲ್ಲದ ಹೆಣ್ಣುಮಕ್ಕಳಿಗೆಲ್ಲ ತನ್ನ ಅತ್ತೆಯ ಹೆಸರನ್ನೇ ಇಟ್ಟಿದ್ದನಂತೆ. ಬಾವಿಕಟ್ಟೆಯಲ್ಲಿ ನಿಂತು ಆ ಹೆಸರು ಕೂಗಿದರೆ ಅವರಲ್ಲಿ ಒಬ್ಬಳೂ ತಿರುಗಿ ನೋಡುತ್ತಿರಲಿಲ್ಲ. ಹೆಸರು ಅಂಟದವರನ್ನು ಯಾರೂ ದೂರದಿಂದ ಕರೆಯಲಾರರು. ಹತ್ತಿರ ಹೋಗಿ ಮೈ ಮುಟ್ಟಿಯೇ ಕರೆಯಬೇಕು. ಕತ್ತಲಾದ ಮೇಲೆ ಮನೆಗೆ ಬಾ ಎಂದು ಕೂಗಿದರೂ ಅವರಿಗೆ ತಮ್ಮನ್ನೇ ಕರೆದದ್ದು ಎಂದು ಗೊತ್ತಾಗುವುದಿಲ್ಲ.

ಈಗ ಕಥೆ.

ಆ ಊರಿನ ಬೆಸ್ತನೊಬ್ಬ ಬಸುರಿ ಹೆಂಡತಿಯನ್ನು ದಡದಲ್ಲಿ ನಿಲ್ಲಿಸಿ, ದೋಣಿ ನೀರಿಗೆ ತಳ್ಳುವ ಮೊದಲು ಅವಳ ಕಿವಿಯಲ್ಲಿ ಹೇಳಿದ, ಗಂಡಾದರೆ ಇಂಥ ಹೆಸರು, ಹೆಣ್ಣಾದರೆ ಇಂಥ ಹೆಸರು. ಹೆಣ್ಣಿನ ಹೆಸರು ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಗುತ್ತ ನಗುತ್ತ ಹುಟ್ಟು ಹಾಕಿದ. ದೋಣಿ ಮರಳಿ ಬರಲಿಲ್ಲ. ಹುಟ್ಟು ಒಂದು ಬಂತು.

ಮಗು ಹುಟ್ಟಿತು, ಹೆಣ್ಣು. ತಾಯಿ ಅತ್ತಳು, ಹಾಲೂಡಿದಳು, ತೊಟ್ಟಿಲು ತೂಗಿದಳು. ತೂಗುತ್ತ ಊರಿನ ಹೆಂಗಸರೆಲ್ಲ ಹಾಡುವ ಜೋಗುಳವನ್ನೇ ಹಾಡಿದಳು. ಅದೊಂದು ವಿಚಿತ್ರ ಜೋಗುಳ. ತಲೆಬುಡ ಇಲ್ಲ. ಯಾರೋ ಏನೋ ಕೇಳಿದಂತೆ, ಅದಕ್ಕೆ ಇವರು ಉತ್ತರ ಹೇಳಿದಂತೆ.

ಎಣ್ಣೆಯ ಹಿಡಿದು ನಾವೇ ಕಂದಾ, ಕೋಳಿಯು ಕೂಗದ ಹೊತ್ತಿಗೆ.

ಯಾಕಮ್ಮ ಎಣ್ಣೆ, ಎಲ್ಲಿಗಮ್ಮ ಹೋದದ್ದು ಎಂದು ಮಕ್ಕಳು ಕೇಳಿದರೆ, ಹಾಡು ಇರುವುದೇ ಹಾಗೆ, ಮಲಗು ಎಂದು ತಾಯಂದಿರು ಬೆನ್ನು ತಟ್ಟುತ್ತಿದ್ದರು. ಇಗರ್ಜಿಯ ಪ್ರಶ್ನೆಯನ್ನೂ ತೊಟ್ಟಿಲ ಉತ್ತರವನ್ನೂ ಯಾರೂ ಒಂದರ ಪಕ್ಕ ಒಂದಿಟ್ಟು ನೋಡಲಿಲ್ಲವೇ ಎಂದು ನೀವು ಕೇಳಬಹುದು. ಹೇಗೆ ನೋಡುತ್ತಾರೆ? ಕೀರ್ತನೆ ಹಾಡುವವರು ತೊಟ್ಟಿಲು ತೂಗುತ್ತಿರಲಿಲ್ಲ, ತೊಟ್ಟಿಲು ತೂಗುವವರಿಗೆ ಕೀರ್ತನೆಯ ಹೊತ್ತಿನಲ್ಲಿ ದನಿ ಇರುತ್ತಿರಲಿಲ್ಲ. ಬೀಗ ಒಂದು ಮನೆಯಲ್ಲಿ, ಕೀಲಿಕೈ ಇನ್ನೊಂದು ಮನೆಯಲ್ಲಿ. ಎರಡು ಮನೆಯವರೂ ಎಲ್ಲ ಸರಿಯಾಗಿದೆ ಎಂದೇ ನಂಬಿದ್ದರು.

ದೀಕ್ಷಾಸ್ನಾನದ ಭಾನುವಾರ ಹತ್ತಿರ ಬಂದಾಗ ತಾಯಿ ಮಗುವನ್ನು ಎತ್ತಿಕೊಂಡು ಪಾದ್ರಿಯ ಮನೆಗೆ ಹೋದಳು. ಪಾದ್ರಿ ವಯಸ್ಸಾದವನು, ಮೆತ್ತಗಿನವನು. ಅಂಗಳದಲ್ಲಿ ಕೂತು ಬೇಯಿಸಿದ ಗೆಣಸಿನ ಸಿಪ್ಪೆ ಸುಲಿಯುತ್ತಿದ್ದ.

"ಅಯ್ಯನವರೇ, ಮಗುವಿನ ಹೆಸರು ನನಗೆ ಗೊತ್ತುಂಟು," ಎಂದಳು ತಾಯಿ. "ಅವರು ಹೋಗುವಾಗ ಹೇಳಿ ಹೋಗಿದ್ದಾರೆ. ನಾನೇ ಹೇಳ್ತೇನೆ."

"ನೀನು ಹೇಗೆ ಹೇಳುದು ಮಗಳೇ? ಒಳಗೆ ಬರುವಾಗ ನಿನ್ನ ದನಿ ಕುಡಿಕೆಯಲ್ಲಿ ಇರ್ತದಲ್ಲ."

"ಒಂದು ದಿವಸಕ್ಕೆ ಬಿಡ್ಲಿಕ್ಕೆ ಆಗುದಿಲ್ವಾ? ಒಂದೇ ಒಂದು ಮಾತಿಗೆ?"

ಪಾದ್ರಿ ಗೆಣಸನ್ನು ಕೆಳಗಿಟ್ಟ. ಮಗುವನ್ನು ನೋಡಿದ. ಅವನಿಗೆ ಎಷ್ಟು ಸಂಕಟವಾಯಿತೆಂದರೆ, ಹತ್ತಿರ ಬಾಗಿ, "ನನ್ನ ಕಿವಿಯಲ್ಲಿ ಹೇಳಿಬಿಡು, ನಾನೇ..." ಎಂದವನು ಅಷ್ಟಕ್ಕೇ ತುಟಿ ಕಚ್ಚಿಕೊಂಡ. ಕಿವಿಯಲ್ಲಿ ಹೇಳಿದರೆ ಹೆಸರು ಒಡೆಯುತ್ತದೆ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

"ಇವತ್ತು ಒಂದು ಮಾತಿಗೆ ಬಿಟ್ರೆ ನಾಳೆ..." ಎಂದ.

"ನಾಳೆ ಎಂತ ಆಗ್ತದೆ ಅಯ್ಯನವರೇ?"

"ಅದು ನನಗೂ ಗೊತ್ತಿಲ್ಲ ಮಗಳೇ. ಗೊತ್ತಿಲ್ಲ ಅಂತಲೇ ಹೆದರಿಕೆ."

ಅಷ್ಟರಲ್ಲಿ ಸಭೆಯ ಹಿರಿಯ ಕೊಡೆ ಊರುತ್ತ ಬಂದ. ಕೆಟ್ಟವನಲ್ಲ. ಅವನ ಹೆಂಡತಿ ತೀರಿಕೊಂಡ ಮೇಲೆ ಅವನು ಬದುಕಿದ್ದದ್ದೇ ಭಾನುವಾರದ ದೇವರ ಸಾಲಿಗಾಗಿ. ಆ ಮೌನದಲ್ಲಿ ಕಣ್ಣು ಮುಚ್ಚಿ ನಿಂತರೆ ಏನೋ ಕೇಳಿದಂತಾಗುತ್ತದೆ, ಎದೆ ಹಗುರಾಗುತ್ತದೆ ಎಂದು ಅವನೇ ಹೇಳುತ್ತಿದ್ದ.

"ನಿನ್ನ ಗಂಡ ನನ್ನ ಕಣ್ಣೆದುರಿಗೇ ಬೆಳೆದವ," ಎಂದ ಹಿರಿಯ. "ನೀನು ಬೇಜಾರು ಮಾಡಬೇಡ. ನಾನು ಒಳ್ಳೆ ಹೆಸರೇ ಇಡ್ತೇನೆ. ನನ್ನ ಅಜ್ಜಿಯ ಹೆಸರು."

"ಅದು ನಿಮ್ಮ ಅಜ್ಜಿಯ ಹೆಸರು. ಇವಳ ಹೆಸರು ಬೇರೆ ಉಂಟು."

"ಹಾಗಂತ ದನಿ ಇಟ್ಕೊಂಡು ಒಳಗೆ ಬರುದಾ? ಅಲ್ಲಿ ದೇವರ ಸಾಲು ಉಂಟು ಮಗಳೇ. ಅವನು ಹಾಡುವ ಹೊತ್ತಿಗೆ ನಮ್ಮ ಗಲಾಟೆ ಆಗಬಾರದು." ಬೈಯುವ ದನಿಯಲ್ಲ, ಬೇಡಿಕೊಳ್ಳುವ ದನಿ. ತಾಯಿ ಮಗುವಿನ ತಲೆಗೆ ಸೆರಗು ಮುಚ್ಚಿ ಹೊರಟಳು.

ಮನೆಗೆ ಹೋಗುವ ದಾರಿಯಲ್ಲಿ ಇಗರ್ಜಿಯ ಜಗಲಿ. ಅಲ್ಲೇ ಕೂತಳು. ಕುಡಿಕೆ ಅಜ್ಜಿ ಗೆರಟೆಗಳ ಧೂಳು ಒರೆಸುತ್ತಿದ್ದಳು.

"ಎಂತ ಹೇಳಿದ್ರು?"

"ಹಿರಿಯರು ಹೆಸರಿಡ್ತಾರಂತೆ."

"ಹಾಂ. ನನಗೂ ಇಟ್ಟಿದ್ರು," ಎಂದಳು ಅಜ್ಜಿ. "ಆಗಿನ ಹಿರಿಯರು. ಅವರ ಅತ್ತೆಯ ಹೆಸರು. ನೀನು ಈಗ ಆ ಹೆಸರು ಕರೆದು ನೋಡು, ನಾನು ತಿರುಗುದಿಲ್ಲ. ಬೇಕಂತ ಅಲ್ಲ ಮಾರಾಯ್ತಿ, ನನ್ನನ್ನೇ ಕರೆದದ್ದು ಅಂತ ಗೊತ್ತಾಗುದಿಲ್ಲ."

ತಾಯಿ ಮೊದಲ ಸಲ ಅಜ್ಜಿಯ ಮುಖವನ್ನು ನೆಟ್ಟಗೆ ನೋಡಿದಳು.

"ನನ್ನ ಅಪ್ಪನೂ ಕಡಲಿಗೆ ಹೋದವ ಬರ್ಲಿಲ್ಲ. ಅಮ್ಮನಿಗೆ ನನ್ನ ಹೆಸರು ಗೊತ್ತಿತ್ತು. ದೀಕ್ಷಾಸ್ನಾನದ ದಿನ ಗಂಟಲಲ್ಲಿ ಅದನ್ನೇ ಇಟ್ಕೊಂಡು ಬಂದಿದ್ಲಂತೆ, ಕೊನೆಯ ಗಳಿಗೆಯಲ್ಲಾದ್ರೂ ಹೇಳ್ಲಿಕ್ಕೆ ಬಿಡ್ತಾರಾ ಅಂತ. ಬಿಡ್ಲಿಲ್ಲ. ದನಿಯನ್ನು ಇದಕ್ಕೆ ಹಾಕಿ ಒಳಗೆ ಹೋದ್ಲು." ಅಜ್ಜಿ ಕಪ್ಪು ಕುಡಿಕೆಯ ಮೇಲೆ ಕೈ ಇಟ್ಟಳು. "ಹೊರಗೆ ಬಂದ ಮೇಲೆ ತಿರುಗಿ ಕುಡಿಲಿಲ್ಲ. ನನ್ನ ಹೆಸರು ಹೇಳ್ಲಿಕ್ಕೆ ಆಗದ ದನಿ ನನಗೆ ಬೇಡ ಅಂತ ಇರಬೇಕು. ಸಾಯುವವರೆಗೂ ಮೂಕಿಯಾಗಿಯೇ ಇದ್ಲು. ಹೊತ್ತು ಕಂತುವಾಗ ಎಲ್ಲರ ಅಮ್ಮಂದಿರು ಕೂಗಿ ಕರೀತಿದ್ರು. ನನ್ನಮ್ಮ ದಡದವರೆಗೆ ನಡೆದು ಬಂದು ನನ್ನ ಭುಜ ಮುಟ್ತಿದ್ಲು."

"ಹಾಗಾದ್ರೆ ನಿಮ್ಮ ಹೆಸರು ಇದರ ಒಳಗೆ..."

"ಉಂಟು. ಇರಬೇಕು. ತೆಗೆದು ಕೇಳುವ ಅಂತ ಎಷ್ಟು ಸಲ ಅನಿಸಿದೆ. ನೀರಿಗಿಂತ ಮೊದಲು ನಾನು ಕೇಳಿದ್ರೆ ಒಡೆದು ಹೋಗ್ತದಲ್ಲ. ಕುಡಿಕೆಯನ್ನು ಒಳಗೆ ತಕ್ಕೊಂಡು ಹೋಗ್ಲಿಕ್ಕೆ ಕಟ್ಟಳೆ ಇಲ್ಲ. ಅದಕ್ಕೇ ಕಾಯ್ತಾ ಕೂತದ್ದು."

ಮಗು ನಿದ್ದೆಯಲ್ಲಿ ತುಟಿ ಚಪ್ಪರಿಸಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಆ ಜಗಲಿಯಲ್ಲಿ ಇನ್ನೂ ಹೆಸರಿಲ್ಲದ ಮಗು ಒಂದು, ಎಂದೂ ಹೆಸರಿಲ್ಲದ ಮುದುಕಿ ಒಬ್ಬಳು.

ಭಾನುವಾರ ಬಂತು. ಕಡಲು ಎಣ್ಣೆ ಸುರಿದ ಹಾಗೆ ನಯವಾಗಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದರು, ಕುಡಿಕೆ ಎತ್ತಿದರು, ದನಿ ಬಿಟ್ಟರು, ಮುಚ್ಚಿದರು, ಒಳಗೆ ಹೋದರು. ತಾಯಿಯೂ ಬಂದಳು. ಕುಡಿಕೆ ಎತ್ತಿದಳು. ಬಿಡಲು ಮನಸ್ಸಾಗಲಿಲ್ಲ. ಹಿಂದೆ ಗಂಡಸರು ಸಾಲಾಗಿ ಬರುತ್ತಿದ್ದರು. ಬಿಟ್ಟಳು. ಅಜ್ಜಿ ಆ ಕುಡಿಕೆಯನ್ನು ಹಲಗೆಯ ಮೇಲಿಡದೆ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಹೆಸರಾಗದ ಮಗುವಿಗೆ ಕುಡಿಕೆ ಇರುವುದಿಲ್ಲ, ಆದ್ದರಿಂದ ಮಗು ಮಾತ್ರ ತನ್ನ ದನಿಯೊಂದಿಗೇ ಹೊಸ್ತಿಲು ದಾಟಿತು.

ಕಲ್ಲುಬಟ್ಟಲಿಗೆ ನೀರು ತುಂಬಿದರು. ಪಾದ್ರಿ ಬಾಗಿಲಿಗೆ ಮುಖ ಮಾಡಿ ನಿಂತ. ಗಂಡಸರು ಬಾಗಿಲಿಗೆ ಬೆನ್ನು ಮಾಡಿ ನಿಂತು ಕೀರ್ತನೆ ಎತ್ತಿದರು.

ಬೆಳಗಾಗುವ ಮೊದಲೇ ಬಂದವರಾರು, ಕಲ್ಲಿನ ಬಾಗಿಲಿಗೆ?

ನಿಲ್ಲಿಸಿದರು. ಕಣ್ಣು ಮುಚ್ಚಿದರು. ದೇವರ ಸಾಲು ಬಂತು. ಮಗು ಕಿಟಾರನೆ ಕಿರುಚಿತು.

ತಾಯಿ ಭುಜಕ್ಕೆ ಹಾಕಿಕೊಂಡು ತಟ್ಟಿದಳು. ಮಗು ನಿಲ್ಲಿಸಲಿಲ್ಲ. ತಾಯಿ ಬಾಯಿ ತೆರೆದಳು. ಜೋ ಎನ್ನಬೇಕು, ಜೋ ಎನ್ನಲು ದನಿ ಇಲ್ಲ. ಬರೀ ಗಾಳಿ ಬಂತು. ಮಗು ತಾಯಿಯ ತೆರೆದ ಬಾಯಿಯನ್ನೇ ನೋಡಿತು, ಅಲ್ಲಿಂದ ಏನೂ ಬರದಿದ್ದಕ್ಕೆ ಹೆದರಿ ಇನ್ನೂ ಜೋರಾಗಿ ಅತ್ತಿತು. ಹೆಂಗಸರೆಲ್ಲ ಸುತ್ತ ಕೈ ಚಾಚಿದರು, ಅವರಿಗೂ ದನಿ ಇಲ್ಲ. ಹಿರಿಯ ಕಣ್ಣು ತೆರೆಯದೆಯೇ ಕೈ ಎತ್ತಿ ಸನ್ನೆ ಮಾಡಿದ. ಹೊರಗೆ ಕರಕೊಂಡು ಹೋಗಲಿ, ಮೊದಲಿನಿಂದ ಹಾಡೋಣ ಎಂದು ಅದರ ಅರ್ಥ.

ತಾಯಿ ಓಡಿ ಹೊರಗೆ ಬಂದಳು. ಅಜ್ಜಿ ಮಡಿಲಲ್ಲಿದ್ದ ಕುಡಿಕೆಯ ಗೆರಟೆ ತೆಗೆದು ಮುಂದೆ ಹಿಡಿದಳು. ತಾಯಿ ಒಂದೇ ಗುಟುಕಿಗೆ ತನ್ನ ದನಿಯನ್ನು ಕುಡಿದಳು.

ಒಳಗೆ ಗಂಡಸರು ಮತ್ತೆ ಕೇಳಿದರು.

ಬೆಳಗಾಗುವ ಮೊದಲೇ ಬಂದವರಾರು, ಕಲ್ಲಿನ ಬಾಗಿಲಿಗೆ?

ಹೊರಗೆ ತಾಯಿ, ಬೇರೇನೂ ತೋಚದೆ, ಮಗುವಿನ ಮುಖವನ್ನಷ್ಟೇ ನೋಡುತ್ತ ಹಾಡಿದಳು.

ಎಣ್ಣೆಯ ಹಿಡಿದು ನಾವೇ ಕಂದಾ, ಕೋಳಿಯು ಕೂಗದ ಹೊತ್ತಿಗೆ.

ಮಗು ಬಿಕ್ಕಳಿಸಿ ಸುಮ್ಮನಾಯಿತು. ಒಳಗೆ ಇಡೀ ಇಗರ್ಜಿ ಸುಮ್ಮನಾಯಿತು. ಅಪ್ಪ, ಅಜ್ಜ, ಮುತ್ತಜ್ಜ ಕಾದರೂ ಕೇಳದ ಸಾಲು ಆ ದಿನ ಕೇಳಿಸಿತ್ತು. ಯಾರಿಗೂ ಹಿಂದೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಹಾಗೇ ನಿಂತು ಎರಡನೆಯ ಪ್ರಶ್ನೆ ಹಾಡಿದರು.

ದಣಿದ ಪಾದವ ತೊಳೆದವರಾರು, ನೀರಿಲ್ಲದ ಮನೆಯಲ್ಲಿ?

ಈಗ ತಾಯಿಗೂ ಕೇಳಿಸಿತು. ತನ್ನ ಜೋಗುಳದ ಮುಂದಿನ ಸಾಲೇ ಅದಕ್ಕೆ ಉತ್ತರ. ಅಜ್ಜಿಯ ಮುಖ ನೋಡಿದಳು. ಅಜ್ಜಿ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಇಬ್ಬರೂ ಒಟ್ಟಿಗೆ ಹಾಡಿದರು.

ಕಣ್ಣೇ ಬಾವಿ ಕಂದಾ ನಮಗೆ, ಕೂದಲೆ ಬಟ್ಟೆ ಕೈಯಲ್ಲಿ.

"ಹಾಡಿದ!" ಎಂದು ಹಿರಿಯ ಮೊಣಕಾಲೂರಿ ಕುಸಿದ. "ದೇವರು ಹಾಡಿದ!" ಗಂಡಸರು ಅಳುತ್ತಿದ್ದರು. ಅಳುತ್ತಲೇ ಮೂರನೆಯದನ್ನು ಕೇಳಿದರು. ಕೇಳುವ ರೀತಿಯೇ ಬದಲಾಗಿತ್ತು. ಇಷ್ಟು ದಿನ ಹಾಡುತ್ತಿದ್ದರು, ಈಗ ನಿಜವಾಗಿ ಕೇಳಿದರು.

ಎದ್ದನು ಎಂಬ ಸುದ್ದಿಯ ತಂದವರಾರು, ಬಾಗಿಲು ಹಾಕಿದ ಊರಿಗೆ?

ಆಗ ಕುಡಿಕೆ ಅಜ್ಜಿ ಹಲಗೆಯ ಉದ್ದಕ್ಕೂ ನಡೆಯುತ್ತ ಗೆರಟೆಗಳನ್ನು ಒಂದೊಂದಾಗಿ ತೆಗೆದು ನೆಲಕ್ಕೆ ಬಿಟ್ಟಳು. ಗೆರಟೆಗಳು ಟಪಟಪ ಬಿದ್ದವು. ಮೂಲೆಯ ಕಪ್ಪು ಕುಡಿಕೆಯೊಂದನ್ನು ಬಿಟ್ಟು ಎಲ್ಲ ಕುಡಿಕೆಗಳೂ ಬಾಯಿ ತೆರೆದವು. ಅತ್ತೆಯ ದನಿ, ಸೊಸೆಯ ದನಿ, ಸೂಲಗಿತ್ತಿಯ ದನಿ, ಮೀನು ಮಾರುವವಳ ಒಡಕು ದನಿ, ಮದುವೆಯಾಗದೆ ಉಳಿದವಳ ಸಣ್ಣ ದನಿ, ಎಲ್ಲವೂ ಒಂದಾಗಿ ಹೊಸ್ತಿಲು ದಾಟಿ ಒಳಗೆ ಹೋದವು.

ಓಡುತ ಬಂದೆವು ನಾವೇ ಕಂದಾ, ಸೆರಗು ಹಾರಿತು ಗಾಳಿಗೆ.

ಒಳಗೆ ನಿಂತ ಹೆಂಗಸರ ತುಟಿಗಳು ಆ ದನಿಗೆ ಸರಿಯಾಗಿ ಆಡಿದವು. ದನಿಗಳು ತಮ್ಮ ತಮ್ಮ ತುಟಿ ಹುಡುಕಿಕೊಂಡು ಬಂದು ಸೇರಿದವು. ಆ ದಿನ ಒಂದೂ ಅದಲುಬದಲಾಗಲಿಲ್ಲ.

ಬಾಗಿಲಿಗೆ ಮುಖ ಮಾಡಿ ನಿಂತಿದ್ದ ಪಾದ್ರಿ ಎಲ್ಲವನ್ನೂ ಕಂಡಿದ್ದ. ಅವನು ಸುಮ್ಮನಿದ್ದುಬಿಡಬಹುದಿತ್ತು. ದೇವರೇ ಹಾಡಿದ ಊರು ಎಂದು ಊರಿಗೆ ಹೆಸರು ಬರುತ್ತಿತ್ತು. ದೂರದೂರದಿಂದ ಜನ ಬರುತ್ತಿದ್ದರು. ಗೊತ್ತಿಲ್ಲದ ನಾಳೆಯ ಹೆದರಿಕೆ ಅವನಿಗೆ ಆಗಲೂ ಇತ್ತು. ಹೆದರಿಕೊಂಡೇ ಬಾಯಿ ತೆರೆದ.

"ಹಿರಿಯರೇ," ಎಂದ, "ತಿರುಗಿ ನೋಡಿ."

ಹಿರಿಯ ತಿರುಗಿದ. ಗಂಡಸರೆಲ್ಲ ತಿರುಗಿದರು. ಹೊಸ್ತಿಲಿನಲ್ಲಿ ತಾಯಿ ನಿಂತಿದ್ದಳು, ಹೆಗಲ ಮೇಲೆ ನಿದ್ದೆ ಹತ್ತುತ್ತಿದ್ದ ಮಗು.

ಹಿರಿಯನ ಮುಖದಲ್ಲಿ ಸಿಟ್ಟು ಬಂತು. ಬಂದಷ್ಟೇ ಬೇಗ ಅದು ಇಳಿದುಹೋಯಿತು. ಅವನು ಎದ್ದೇಳಲೂ ಇಲ್ಲ. ನೆಲದಲ್ಲೇ ಕೂತು, ಆಟಿಕೆ ಕಸಿದುಕೊಂಡ ಮಗುವಿನ ಹಾಗೆ ಅವಳನ್ನು ನೋಡಿದ.

"ನೀನಾ?" ಎಂದ. "ಹಾಗಾದ್ರೆ ದೇವರ ಸಾಲು? ನಾನು ಇಷ್ಟು ವರ್ಷ ಕಿವಿ ಕೊಟ್ಟು ನಿಂತದ್ದು? ಅದನ್ನು ನೀನು ತಕ್ಕೊಂಡ್ರೆ ನನಗೆ ಉಳಿದದ್ದು ಎಂತ ಮಗಳೇ?"

ತಾಯಿಗೆ ಆ ಮುದುಕನ ಮೇಲೆ ಕನಿಕರ ಬಂತು. ಉತ್ತರ ಹೇಳಿದ್ದು ಅವಳ ಹಿಂದೆ, ಜಗಲಿಯಲ್ಲೇ ನಿಂತಿದ್ದ ಕುಡಿಕೆ ಅಜ್ಜಿ.

"ಯಾರೂ ಎಂತದ್ದೂ ತಕ್ಕೊಂಡದ್ದಲ್ಲ ಮಾರಾಯ. ಅದು ಮೊದಲಿಂದ ನಮ್ಮದೇ ಸಾಲು. ಬೇರೆ ಯಾರೂ ಅಲ್ಲಿ ಕೂರದ ಹಾಗೆ ದೇವರು ಇಷ್ಟು ವರ್ಷ ನಮಗೆ ಜಾಗ ಹಿಡಿದು ಇಟ್ಟದ್ದು. ನಿನಗೆ ಅಲ್ಲಿ ಅವನಿದ್ದಾನೆ ಅಂತ ಅನಿಸಿತ್ತಲ್ಲ, ಅದು ಸುಳ್ಳಲ್ಲ. ಇದ್ದ. ಕಾಯ್ತಾ ಇದ್ದ."

ಹಿರಿಯ ಯಾರಿಗೂ ಅಲ್ಲದಂತೆ, "ಈ ಹಾಡು ನನ್ನಮ್ಮ ಹಾಡ್ತಿದ್ದದ್ದು," ಎಂದ. "ಅವಳೂ ಹಾಡ್ತಿದ್ಲು. ನನ್ನ ಹೆಂಡತಿ. ನಾನು ಬಾಗಿಲು ಮುಚ್ಚಿ ಮಲಗ್ತಿದ್ದೆ, ಮಕ್ಕಳ ಗಲಾಟೆ ಅಂತ." ಅವನು ಕಣ್ಣೊರೆಸಿಕೊಂಡ. ಪಕ್ಕದವರು ಅವನನ್ನು ಎಬ್ಬಿಸಿ ನಿಲ್ಲಿಸಿದರು.

ಪಾದ್ರಿ ಕಲ್ಲುಬಟ್ಟಲಿನ ಹತ್ತಿರ ಹೋದ. "ಈ ಮಗುವಿನ ಹೆಸರೇನು?" ಎಂದು ಕೇಳಿದ. ಕಟ್ಟಳೆಯಂತೆ ಎಲ್ಲರೂ ಹಿರಿಯನನ್ನು ನೋಡಿದರು. ಅವನು ಹೇಳಬೇಕಾದ ಗಳಿಗೆ ಅದು.

"ನನ್ನ ಅಜ್ಜಿಯ ಹೆಸರು ನನ್ನ ಅಜ್ಜಿಗೇ ಇರ್ಲಿ," ಎಂದ ಹಿರಿಯ. "ಗೊತ್ತಿದ್ದವಳು ಹೇಳ್ಲಿ."

ತಾಯಿ ಹೊಸ್ತಿಲು ದಾಟಿದಳು. ಗಂಟಲಲ್ಲಿ ದನಿ ಇಟ್ಟುಕೊಂಡು ಆ ಹೊಸ್ತಿಲು ದಾಟಿದ ಹೆಂಗಸನ್ನು ಅಲ್ಲಿದ್ದ ಯಾರೂ ಅಲ್ಲಿಯವರೆಗೆ ಕಂಡಿರಲಿಲ್ಲ. ಗಂಡಸರು ದಾರಿ ಬಿಟ್ಟರು. ಅವಳು ನೀರಿನ ಮೇಲೆ ಬಾಗಿದಳು. ನೀರಿನಲ್ಲಿ ಅವಳ ಮುಖ, ಮಗುವಿನ ಮುಖ.

"ಸುಗಂಧಿ," ಎಂದಳು.

ನೀರಿನಲ್ಲಿ ಸಣ್ಣ ಉಂಗುರವೆದ್ದು ಅಂಚಿನವರೆಗೆ ಹೋಯಿತು. ಮಗು ಅರೆನಿದ್ದೆಯಲ್ಲಿ ತಲೆ ತಿರುಗಿಸಿ ತಾಯಿಯನ್ನು ನೋಡಿತು. ಹೆಸರು ಅಂಟಿತು.

ಆಗ ತಾಯಿ ನಕ್ಕಳು. ಗಂಡ ಹೋದ ಮೇಲೆ ಅವಳು ನಕ್ಕದ್ದೇ ಇಲ್ಲ. ನಗುತ್ತ ಅಳುತ್ತ, "ಅವರು ದೋಣಿ ತಳ್ಳುವಾಗ ಹೇಳಿದ್ದು," ಎಂದಳು. "ನನ್ನ ಮೈ, ನನ್ನ ಬಟ್ಟೆ, ನನ್ನ ಮನೆ, ಎಲ್ಲ ಮೀನು ನಾತ. ಮಗಳನ್ನಾದ್ರೂ ಸುಗಂಧಿ ಅಂತ ಕರಿಯುವ ಮಾರಾಯ್ತಿ, ಅಂತ."

ಇಗರ್ಜಿ ಗೊಳ್ಳೆಂದು ನಕ್ಕಿತು. ಅಲ್ಲಿದ್ದ ಅರ್ಧ ಜನರ ಮೈಯಿಂದ ಆಗಲೂ ಮೀನಿನ ವಾಸನೆಯೇ ಬರುತ್ತಿತ್ತು. ಕಡಲಿಗೆ ಹೋದವನೂ ಒಂದು ಗಳಿಗೆ ಆ ನಗುವಿನ ನಡುವೆ ಬಂದು ನಿಂತ ಹಾಗಾಯಿತು.

ನಗು ಅಡಗುವ ಹೊತ್ತಿಗೆ ಬಾಗಿಲಿನಲ್ಲಿ ಕುಡಿಕೆ ಅಜ್ಜಿ ಕಾಣಿಸಿದಳು. ಕೈಯಲ್ಲಿ ಕಪ್ಪು ಕುಡಿಕೆ. ಅವಳ ಕಾಲು ಹೊಸ್ತಿಲ ಹತ್ತಿರ ಬಂದು ನಿಂತಿತು.

"ಅಯ್ಯನವರೇ," ಎಂದಳು, "ನೀರು ಇನ್ನೂ ಉಂಟಾ?"

"ಉಂಟು, ಬನ್ನಿ," ಎಂದ ಪಾದ್ರಿ.

ತಾಯಿ ಹೋಗಿ ಅಜ್ಜಿಯ ಮೊಣಕೈ ಹಿಡಿದುಕೊಂಡಳು. ಅಜ್ಜಿ ಒಳಗೆ ಬಂದಳು. ತಲೆ ಎತ್ತಿ ಮಾಡಿನ ಹಂಚು ನೋಡಿದಳು, ಗೋಡೆ ನೋಡಿದಳು, ಇಷ್ಟೇಯಾ ಎಂಬಂತೆ ಸುತ್ತ ನೋಡಿದಳು. ಕಲ್ಲುಬಟ್ಟಲಿನ ಹತ್ತಿರ ಬಂದು ಕುಡಿಕೆಯನ್ನು ನೀರಿನ ಮೇಲೆ ಹಿಡಿದಳು. ಗೆರಟೆ ಬಿಗಿದುಕೊಂಡಿತ್ತು. ಹಿರಿಯನೇ ಮುಂದೆ ಬಂದು, ಉಗುರಿನಿಂದ ಅದರ ಅಂಚು ಬಿಡಿಸಿ ಕೊಟ್ಟು, ಹಿಂದೆ ಸರಿದ.

ಗೆರಟೆ ತೆಗೆದದ್ದು ಅಜ್ಜಿಯೇ.

ಒಳಗಿನಿಂದ ಒಂದು ದನಿ ಬಂತು. ಮುದುಕಿಯ ದನಿಯಲ್ಲ. ಚಿಕ್ಕ ಪ್ರಾಯದ, ಹಾಲು ಕುಡಿಸುವ ಹೆಣ್ಣಿನ ದನಿ. ಹೊತ್ತು ಕಂತುವಾಗ ದಡದಲ್ಲಿ ಆಡುವ ಮಗುವನ್ನು ಮನೆಯ ಬಾಗಿಲಲ್ಲಿ ನಿಂತು ಕರೆಯುತ್ತಾರಲ್ಲ, ಹಾಗೆ ರಾಗ ಎಳೆದು ಕರೆಯಿತು.

"ಲಿಲ್ಲೀ..."

ನೀರಿನಲ್ಲಿ ಉಂಗುರವೆದ್ದಿತು. ಅಜ್ಜಿ ತಟ್ಟನೆ ತಿರುಗಿ ನೋಡಿದಳು.

"ಓ... ಬಂದೆ ಅಮ್ಮಾ," ಎಂದಳು.